ಪರಿಹಾರದ ಠೇವಣಿಯ ಬಡ್ಡಿಯಿಂದ ಮಗನ ಪಿಂಚಣಿ ನಿಲ್ಲುವುದೇ?

ಪೆರ್ಲದ ತಾಯಿ:
ನಮ್ಮ ಕಾಸರಗೋಡಿನ ಗೇರು ತೋಟಗಳಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಕೊನೆಯ ವರ್ಷ, ಅಂದರೆ 2000ದಲ್ಲಿ ಹುಟ್ಟಿದ ನನ್ನ ಮಗನಿಗೆ ಬುದ್ಧಿ ಬೆಳೆದಿಲ್ಲ, ಮಲಗಿದಲ್ಲಿಂದ ಏಳಲಾರ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ಕೊಡಬೇಕೆಂದ ಐದು ಲಕ್ಷ ರೂಪಾಯಿ ಪರಿಹಾರ ನಮ್ಮ ಕೈಸೇರಿದ್ದು 2022ರಲ್ಲಿ. ಅದನ್ನು ಅವನ ಹೆಸರಿನಲ್ಲೇ ಠೇವಣಿ ಇಟ್ಟಿದ್ದೇವೆ. ವರ್ಷಕ್ಕೆ 35,000 ರೂಪಾಯಿ ಬಡ್ಡಿ ಬರುತ್ತದೆ. ಯಜಮಾನರ ಅಡಕೆ ತೋಟದ ಕೂಲಿಯನ್ನು ವಿಲೇಜ್ ಆಫೀಸಿನವರು ವರ್ಷಕ್ಕೆ 72,000 ಎಂದು ಬರೆದಿದ್ದಾರೆ. ಕುಟುಂಬದ ವಾರ್ಷಿಕ ವರಮಾನ ಒಂದು ಲಕ್ಷ ದಾಟಿದರೆ ಅವನಿಗೆ ಕೇರಳ ಸರಕಾರ ಕೊಡುವ ಅಂಗವಿಕಲರ ಪಿಂಚಣಿ ಇಲ್ಲವಂತೆ. ಠೇವಣಿಯನ್ನು ಅವನ ಸೋದರಮಾವನ ಹೆಸರಿಗೆ ಮಾಡಿಸಿಬಿಡಿ ಎಂದು ನೆರೆಯವರು ಹೇಳುತ್ತಿದ್ದಾರೆ. ತಿಳಿದವರು ದಾರಿ ತೋರಿಸಬೇಕು.

ಬದಿಯಡ್ಕದ ಓದುಗ:
ಅಕ್ಕಾ, ನೆರೆಯವರು ಹೇಳಿದ್ದೇ ಸರಿ. ನನ್ನ ದೊಡ್ಡಪ್ಪನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಇಂಥವರ ಖಾತೆಯಲ್ಲಿ 2,000 ಡಾಲರಿಗಿಂತ ಹೆಚ್ಚಿದ್ದರೆ ಸರಕಾರದ ಸಹಾಯಧನವೇ ನಿಲ್ಲುತ್ತದೆ ಎನ್ನುತ್ತಾನೆ. ಇಲ್ಲಿಯೂ ಖಾತೆ ಖಾಲಿ ಇದ್ದಷ್ಟು ಕ್ಷೇಮ.

ಕುಂಬಳೆಯ ನಿವೃತ್ತ ಬ್ಯಾಂಕ್ ನೌಕರ:
ಅದು ಅವರ ಎಸ್‌ಎಸ್‌ಐ ಎಂಬ ಯೋಜನೆಯ ನಿಯಮ. 1989ರಿಂದ ಆ ಮಿತಿ ಏರಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಖಾತೆಯಲ್ಲಿರುವ ಹಣ. ಕೇರಳದ ಪಿಂಚಣಿಗೆ 40 ಶೇಕಡಾ ಅಂಗವೈಕಲ್ಯ ಮತ್ತು ಕುಟುಂಬದ ವಾರ್ಷಿಕ ವರಮಾನವನ್ನು ನೋಡುತ್ತಾರೆ. ಆದುದರಿಂದ ಐದು ಲಕ್ಷ ಇರುವುದು ತೊಡಕಲ್ಲ, ಅದರಿಂದ ಹುಟ್ಟುವ ಬಡ್ಡಿ ಮಾತ್ರ ತೊಡಕು.

ಸೋದರಮಾವನ ಹೆಸರಿಗೆ ಮಾಡಿದ ಕ್ಷಣದಿಂದ ಆ ಹಣ ಕಾನೂನಿನ ಕಣ್ಣಿಗೆ ಅವರದ್ದೇ. ಅವರು ಎಷ್ಟು ಒಳ್ಳೆಯವರಾದರೂ ಸರಿ, ನಾಳೆ ಅವರಿಗೇನಾದರೂ ಆದರೆ ಹಕ್ಕು ಕೇಳುವವರು ಅವರ ಹೆಂಡತಿ ಮಕ್ಕಳು. ನಾನು ಕೌಂಟರಿನಲ್ಲಿ ಕೂತಿದ್ದಾಗ ಇಂಥ ಜಗಳವೊಂದು ಮೂರು ವರ್ಷ ಎಳೆದದ್ದನ್ನು ಕಂಡಿದ್ದೇನೆ. ಕೊನೆಗೆ ಹಣದ ನಿಜವಾದ ಒಡತಿಯಾದ ಹುಡುಗಿಗೆ ದಕ್ಕಿದ್ದು ಅರ್ಧಕ್ಕಿಂತ ಕಡಿಮೆ.

ಮಂಜೇಶ್ವರದ ಅಧ್ಯಾಪಿಕೆ:
ನನಗೆ ಮೂಲ ಪ್ರಶ್ನೆಯೇ ಅನ್ಯಾಯವಾಗಿ ಕಾಣುತ್ತದೆ. ವಿಷ ಸುರಿದದ್ದಕ್ಕೆ ಕೋರ್ಟ್ ಕೊಡಿಸಿದ ಹಣದ ಬಡ್ಡಿಯನ್ನು ಕೂಲಿಯ ಜೊತೆಗಿಟ್ಟು ಕೂಡಿಸುವುದೆಂದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಪರಿಹಾರದ ಬಡ್ಡಿಯನ್ನು ವರಮಾನದಿಂದ ಹೊರಗಿಡಬೇಕೆಂದು ನಾವು ಬೇಡಿಕೆ ಇಡಬೇಕಲ್ಲದೆ, ಈ ತಾಯಿ ಲೆಕ್ಕ ಹೊಂದಿಸುತ್ತಾ ಕೂರುವುದಲ್ಲ.

ಕುಂಬಳೆಯ ನಿವೃತ್ತ ಬ್ಯಾಂಕ್ ನೌಕರ:
ಟೀಚರೇ, ಬೇಡಿಕೆ ಇಡೋಣ. ಆದರೆ ಅದು ಈಡೇರುವ ತನಕ ಅವರ ಮನೆಯ ಒಲೆ ಉರಿಯಬೇಕಲ್ಲ. ಈಗಿನ ಲೆಕ್ಕದಲ್ಲಿ 72,000ಕ್ಕೆ 35,000 ಸೇರಿದರೆ 1,07,000, ಅಂದರೆ ಮಿತಿಯಿಂದ ಏಳು ಸಾವಿರ ಮೇಲೆ. ಪಿಂಚಣಿ 2025ರ ನವೆಂಬರ್‌ನಿಂದ ತಿಂಗಳಿಗೆ 2,000 ಆಗಿರುವುದರಿಂದ, ನಿಂತರೆ ವರ್ಷಕ್ಕೆ 24,000 ನಷ್ಟ. ಠೇವಣಿಯ ಅವಧಿ ಮುಗಿದಾಗ ಎರಡೂವರೆ ಲಕ್ಷವನ್ನು ಮಾತ್ರ ಮತ್ತೆ ಏಳು ಶೇಕಡಾ ಸಿಗುವಲ್ಲಿ ಇಟ್ಟರೆ 17,500; ಉಳಿದದ್ದು ಎರಡೂವರೆ ಶೇಕಡಾ ಬಡ್ಡಿಯ ಉಳಿತಾಯ ಖಾತೆಯಲ್ಲಿದ್ದರೆ 6,250. ಒಟ್ಟು ವರಮಾನ 95,750. ಬಡ್ಡಿಯಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಹೋಯಿತು, ಪಿಂಚಣಿಯಲ್ಲಿ ಇಪ್ಪತ್ತನಾಲ್ಕು ಸಾವಿರ ಉಳಿಯಿತು. ಎರಡು ಬೇರೆ ಬ್ಯಾಂಕುಗಳಲ್ಲಿಟ್ಟರೆ ಇನ್ನೊಂದು ಲಾಭವಿದೆ: ಬ್ಯಾಂಕ್ ಮುಳುಗಿದರೆ ಸಿಗುವ ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು ಬಡ್ಡಿ ಎಲ್ಲ ಸೇರಿ ಐದು ಲಕ್ಷಕ್ಕೇ ಸೀಮಿತ.

ಬದಿಯಡ್ಕದ ಓದುಗ:
ಇದೂ ತಪ್ಪಿಸಿಕೊಳ್ಳುವ ಉಪಾಯವೇ ತಾನೇ? ಮಾವನ ಹೆಸರಿಗೂ ಇದಕ್ಕೂ ಏನು ವ್ಯತ್ಯಾಸ?

ಕುಂಬಳೆಯ ನಿವೃತ್ತ ಬ್ಯಾಂಕ್ ನೌಕರ:
ಹಣ ಮಗನ ಹೆಸರಿನಲ್ಲೇ ಇರುತ್ತದೆ, ಬರುವ ಬಡ್ಡಿಯನ್ನು ಪೂರ್ತಿಯಾಗಿ ತೋರಿಸುತ್ತೇವೆ. ಕಡಿಮೆ ಬಡ್ಡಿಗೆ ಒಪ್ಪುವುದು ಹಣದ ಒಡೆಯನ ಇಷ್ಟ. ಮಾವನ ಹೆಸರಿನಲ್ಲಿಟ್ಟು ವರಮಾನ ಇಲ್ಲವೆಂದು ಸಹಿ ಹಾಕಿದರೆ ಅದು ಸುಳ್ಳು. 2024ರ ನವೆಂಬರ್‌ನಲ್ಲಿ 1,458 ಸರಕಾರಿ ನೌಕರರು ಕ್ಷೇಮ ಪಿಂಚಣಿ ಪಡೆಯುತ್ತಿದ್ದುದನ್ನು ಹಣಕಾಸು ಇಲಾಖೆ ಪತ್ತೆ ಹಚ್ಚಿದ ಮೇಲೆ ಪರಿಶೀಲನೆ ಬಿಗಿಯಾಗಿದೆ.

ಮುಳ್ಳೇರಿಯದ ಸಮಾಜ ಕಾರ್ಯಕರ್ತೆ:
ಒಂದು ಸಂಗತಿಯನ್ನು ಯಾರೂ ಕೇಳಲಿಲ್ಲ. ಠೇವಣಿಯ ಕಾಗದಕ್ಕೆ ಸಹಿ ಮಾಡುವವರು ಯಾರು? ಹದಿನೆಂಟು ತುಂಬಿದ ಮೇಲೆ ತಾಯಿಯಾದರೂ ತಾನಾಗಿ ರಕ್ಷಕಿಯಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯಿದೆಯಂತೆ ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ ಅಥವಾ ಬಹುವಿಧ ಅಂಗವೈಕಲ್ಯವಿದ್ದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಕಾನೂನುಬದ್ಧ ರಕ್ಷಕರನ್ನು ನೇಮಿಸುತ್ತದೆ. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ವಿಚಾರಿಸಿ, ಅಕ್ಕ. ಆ ಪ್ರಮಾಣಪತ್ರವಿದ್ದರೆ ಮಗನ ಖಾತೆಯನ್ನು ನೀವೇ ನಡೆಸಬಹುದು.

ಪೆರ್ಲದ ತಾಯಿ:
ಎಲ್ಲರಿಗೂ ಉಪಕಾರವಾಯಿತು. ಕಳೆದ ಬಾರಿ ಮಸ್ಟರಿಂಗ್‌ಗೆ, ಅಂದರೆ ಪಿಂಚಣಿದಾರರು ಬದುಕಿದ್ದಾರೆಂದು ಬೆರಳಚ್ಚಿನಿಂದ ಖಚಿತಪಡಿಸಲು, ಸರಕಾರಿ ಸೇವೆಗಳ ಅಕ್ಷಯ ಕೇಂದ್ರದವರು ಮನೆಗೇ ಬಂದಿದ್ದರು; ಮಡಚಿಕೊಂಡ ಮುಷ್ಟಿಯಿಂದ ಅವನ ಹೆಬ್ಬೆರಳು ಬಿಡಿಸಲು ಅರ್ಧ ಗಂಟೆ ಹಿಡಿಯಿತು, ಬ್ಯಾಂಕಿನಲ್ಲೂ ಅದನ್ನೇ ಮಾಡಬೇಕಾದೀತೆಂದು ಹೆದರಿದ್ದೆ. ಠೇವಣಿಯ ಅವಧಿ ಇನ್ನು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ರಕ್ಷಕತ್ವದ ಅರ್ಜಿ ಕೊಡುತ್ತೇನೆ. ತಮ್ಮನಿಗೆ ಬೇಡವೆಂದು ಹೇಳಿಯಾಯಿತು. ಅವನಿಗೂ ನಿರಾಳವಾದಂತೆ ಕಂಡಿತು.