ಅಪ್‌ಡೇಟ್: ಆರಡಿ ಮಡಿಯಲ್ಲಿ ಪಂಪನ ಬನವಾಸಿ

ಜೂನ್‌ನಲ್ಲಿ ಕೇಳಿದ್ದೆ: ಕಾಂಪೌಂಡ್ ಪಕ್ಕ 6 ಅಡಿ ಉದ್ದ, 2 ಅಡಿ ಅಗಲದ ಜಾಗ. ಬೆಳಗಿನ ಹೊತ್ತು ಮೂರು ತಾಸು ಮಾತ್ರ ಬಿಸಿಲು. 10ನೇ ಶತಮಾನದ ಪಂಪ ಬನವಾಸಿಯನ್ನು ನೆನೆಯುವ ಪದ್ಯಗಳಲ್ಲಿನ ಗಿಡಗಳನ್ನೇ ಹಾಕಬೇಕು, ಯಾವುದು ಬದುಕುತ್ತದೆ ಅಂತ.

ಮಾವು, ಸಂಪಿಗೆ ಬೇಡ, ಮರವಾಗುತ್ತವೆ ಅಂದಿರಿ. ಬಿಟ್ಟೆ. ಮಲ್ಲಿಗೆಗೆ ಬಿಸಿಲು ಸಾಲದು ಅಂದರೂ ಹಟ ಮಾಡಿ ನೆಟ್ಟೆ. ಮಲ್ಲಿಗೆ ಇಲ್ಲದ ಬನವಾಸಿ ಎಂಥದ್ದು, ಅಲ್ವಾ? ಎಲೆ ಸೊಂಪಾಗಿ ಬಂತು, ಮೊಗ್ಗು ಒಟ್ಟು ನಾಲ್ಕು. ಈಗ ಕುಂಡದಲ್ಲಿ ತಾರಸಿ ಮೇಲಿದೆ.

ಗೆದ್ದಿದ್ದು ವೀಳ್ಯದೆಲೆ ಬಳ್ಳಿ. ಪಂಪನ 'ಎಲೆವಳ್ಳಿ' ಅದೇ. ಮೊದಲು ನೆಟ್ಟ ತುಂಡು ಕೊಳೆತುಹೋಯಿತು, ಬುಡದಲ್ಲಿ ನೀರು ನಿಲ್ಲುತ್ತಿತ್ತು. ಮರಳು, ಕೊಟ್ಟಿಗೆ ಗೊಬ್ಬರ ಸೇರಿಸಿ ಮಡಿ ಎತ್ತರಿಸಿ, ಎರಡು ಗೆಣ್ಣು ಮಣ್ಣಲ್ಲಿ ಹುಗಿದ ಮೇಲೆ ಹಿಡಿಯಿತು. ಈಗ ಗೆಣ್ಣುಗೆಣ್ಣಿಗೂ ಪುಟ್ಟ ಬೇರು ಬಿಟ್ಟು ಗೋಡೆ ಹತ್ತುತ್ತಿದೆ. ಊಟವಾದ ಮೇಲೆ ಅಮ್ಮ ದಿನಾ ಎರಡೆಲೆ ಕಿತ್ತು ಕಾವ್ಯ ಜಗಿಯುತ್ತಾರೆ.

ಜಾಜಿ ಬಿಸಿಲು ಬೀಳುವ ತುದಿಯಲ್ಲಿದೆ, ಇನ್ನೂ ಹೂ ಬಿಟ್ಟಿಲ್ಲ. ಉಳಿದ ಜಾಗಕ್ಕೆ ಒಂದೆಲಗ ಹಾಕಿದೆ. ಅದಕ್ಕೂ ಬನವಾಸಿಗೂ ಸಂಬಂಧ ಇಲ್ಲ, ಸುಮ್ನೆ ಚಟ್ನಿಗೆ ಬೇಕಿತ್ತು.