ಪದಚರ್ಚೆ: ಜಾಗದ ಒಗಟಿಗೆ ‘ಸುಳಿವು’ ಸರಿಯೇ, ‘ಕುರುಹು’ ಸರಿಯೇ?

ಗೆಳೆಯರೇ,

ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ. ಪತ್ರ ಸ್ವಲ್ಪ ಉದ್ದ ಆದೀತು. ಒಂದೇ ಪದ ಹುಡುಕಲು ಹೊರಟೆ, ದಾರಿಯಲ್ಲಿ ಐದಾರು ಸಿಕ್ಕವು.

ಮೈಸೂರಿನಲ್ಲಿ ನಾವು ಕೆಲವರು ಸೇರಿ ಪ್ರತಿ ನವೆಂಬರಿನಲ್ಲಿ ಮಕ್ಕಳಿಗೆ ಒಂದು ಆಟ ಆಡಿಸುತ್ತೇವೆ. ಕೈಗೆ ಒಂದು ಚೀಟಿ ಕೊಡುತ್ತೇವೆ. ಅದರಲ್ಲಿ ಒಗಟು. ಒಗಟು ಬಿಡಿಸಿದರೆ ಊರಿನ ಯಾವುದೋ ಒಂದು ಜಾಗ ಹೊಳೆಯುತ್ತದೆ. ಅಲ್ಲಿಗೆ ಹೋದರೆ ಮುಂದಿನ ಚೀಟಿ. ಮೊದಲ ಸಲ ಚೀಟಿಗಳ ಮೇಲೆ ‘ಸುಳಿವು 1’, ‘ಸುಳಿವು 2’ ಎಂದು ಬರೆದಿದ್ದೆವು. ಮೊಮ್ಮಗನ ಜೊತೆ ಬಂದಿದ್ದ ಒಬ್ಬ ಅಜ್ಜಿ, ಊರಿನ ಗಡಿಯಾರ ಗೋಪುರವಾದ ದೊಡ್ಡ ಗಡಿಯಾರದ ಚೀಟಿ ಓದಿ, “ಸುಳಿವು ಅಂದ್ರೆ ಯಾರೋ ಸುಳಿದು ಹೋದದ್ದು ಅಲ್ವಾ? ದೊಡ್ಡ ಗಡಿಯಾರ ಎಲ್ಲಿಗೆ ಹೋಗತ್ತೆ?” ಎಂದು ಕೇಳಿದರು.

ಅವರು ಸುಮ್ನೆ ಕೇಳಿದ್ದಿರಬಹುದು. ನನ್ನ ತಲೆಯಿಂದ ಆ ಮಾತು ಹೋಗಲೇ ಇಲ್ಲ.

ಯೋಚಿಸಿ ನೋಡಿ. ‘ಸುಳಿ’ ಎಂದರೆ ಸುತ್ತಾಡುವುದು, ಅತ್ತಿತ್ತ ಓಡಾಡುವುದು. ನೀರಿನ ಸುಳಿ ಅದೇ. ‘ತಂಗಾಳಿ ಸುಳಿಯಿತು’ ಅನ್ನುತ್ತೇವೆ. ‘ಹಬ್ಬ ಆದ ಮೇಲೆ ಅವನು ಈ ಕಡೆ ಸುಳಿದೇ ಇಲ್ಲ’ ಅನ್ನುತ್ತೇವೆ. ಹಾಗಾಗಿ ಸುಳಿವು ಎಂದರೆ ಓಡಾಡುವುದರ ಜಾಡು. ಚಿರತೆಯ ಸುಳಿವು, ಕಳ್ಳನ ಸುಳಿವು, ಮಳೆಯ ಸುಳಿವು ಎಲ್ಲವೂ ಕಿವಿಗೆ ಸರಿಯಾಗಿ ಕೇಳುತ್ತವೆ. ಬೆಟ್ಟದ ಸುಳಿವು? ಕೆರೆಯ ಸುಳಿವು? ಏನೋ ಕೊರೆ ಅನ್ನಿಸುತ್ತದೆ. ‘ಜಾಡು’ ಕೂಡ ಹಾಗೆಯೇ. ನಡೆದು ಹೋದವರಿಗೆ ಜಾಡು ಇರುತ್ತದೆ, ನಿಂತಲ್ಲೇ ನಿಂತ ಗುಡಿಗೆ ಇರುವುದಿಲ್ಲ.

ಇಂಗ್ಲಿಷಿನ ‘ಕ್ಲೂ’ ಹುಟ್ಟಿದ್ದು ನೂಲಿನ ಉಂಡೆಯಿಂದ. ಗ್ರೀಕರ ಕತೆಯಲ್ಲಿ ಥೀಸಿಯಸ್ ಸಿಕ್ಕುದಾರಿಯ ಒಳಗೆ ಹೋಗುವಾಗ ನೂಲು ಬಿಚ್ಚುತ್ತಾ ಹೋಗುತ್ತಾನೆ, ಅದನ್ನೇ ಹಿಡಿದು ಹೊರಗೆ ಬರುತ್ತಾನೆ. ಆ ಉಂಡೆಯ ಹೆಸರೇ ಮುಂದೆ ಸುಳಿವಿನ ಹೆಸರಾಯಿತು. ನಮ್ಮಲ್ಲೂ ‘ಪ್ರಕರಣದ ಎಳೆ ಸಿಕ್ಕಿತು’ ಎನ್ನುವ ಮಾತಿದೆ. ಎಳೆ ಒಳ್ಳೆಯ ಪದ. ಆದರೆ ಎಳೆ ಹಿಡಿದು ಹೋಗಬೇಕಾದರೆ ಅದರ ಇನ್ನೊಂದು ತುದಿ ಮುಂದೆ ಎಲ್ಲೋ ಇರಬೇಕು. ಜಾಗದ ಒಗಟು ಹಾಗಲ್ಲ. ಜಾಗ ಕಣ್ಣೆದುರೇ ಇರುತ್ತದೆ, ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿರುತ್ತೇವೆ. ಇದೇ ಅದು ಎಂದು ಗೊತ್ತಾಗಬೇಕು, ಅಷ್ಟೇ.

ಹೀಗೆ ನಾನು ‘ಕುರುಹು’ ಪದಕ್ಕೆ ಬಂದೆ.

ಕುರುಹು, ಗುರುತು, ಗುರಿ ಇವು ಮೂರೂ ಒಂದೇ ಬಳಗ. ತಮಿಳಿನ ‘ಕುಱಿ’ ಕೂಡ ಇವುಗಳ ನಂಟ. ಹಳಗನ್ನಡದಲ್ಲಿ ಅದು ಕುಱುಪು. ಪುಲಿ ಹುಲಿಯಾದ ಹಾಗೆ, ಪಾಲು ಹಾಲಾದ ಹಾಗೆ ಕುಱುಪು ಕುರುಹು ಆಯಿತು. ವಚನಕಾರರು ಇಷ್ಟಲಿಂಗವನ್ನು ಕುರುಹು ಎಂದು ಕರೆದರು. ಕಣ್ಣಿಗೆ ಕಾಣದ್ದಕ್ಕೆ ಕೈಯಲ್ಲಿ ಹಿಡಿಯಬಹುದಾದ ಗುರುತು ಅದು. ಒಗಟಿನ ಚೀಟಿ ಮಾಡುವ ಕೆಲಸವೂ ಹೆಚ್ಚು ಕಡಿಮೆ ಇದೇ ಅಲ್ವಾ? ಜಾಗ ಇನ್ನೂ ಮನಸ್ಸಿಗೆ ಬಂದಿಲ್ಲ, ಅದರ ಕುರುಹು ಮಾತ್ರ ಕೈಯಲ್ಲಿದೆ.

ಇದಕ್ಕೆ ಒಂದು ಆಕ್ಷೇಪ ಇದೆ, ಅದನ್ನು ನಾನೇ ಹೇಳಿಬಿಡುತ್ತೇನೆ. ಇವತ್ತಿನ ಕನ್ನಡದಲ್ಲಿ ಕುರುಹು ಎಂದರೆ ಉಳಿದುಕೊಂಡದ್ದು. ‘ಹಳೆಯ ಕೋಟೆಯ ಕುರುಹುಗಳು’ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ‘ಸುಳಿವು ಕೊಟ್ಟರು’ ಅನ್ನುವಷ್ಟು ಸಲೀಸಾಗಿ ‘ಕುರುಹು ಕೊಟ್ಟರು’ ಅನ್ನುವುದಿಲ್ಲ. ಮಾತಿನಲ್ಲಂತೂ ಬಳಕೆ ತೀರಾ ಕಡಿಮೆ. ಮಾತಿನಲ್ಲಿ ಬದುಕಿರುವುದು ಗುರುತು. ಹೊಸ ಮನೆಗೆ ದಾರಿ ಕೇಳುವಾಗ “ಹತ್ತಿರ ಏನಾದ್ರೂ ಗುರುತು ಹೇಳಿ” ಎಂದೇ ಕೇಳುತ್ತೇವೆ. ಅರಳಿ ಮರ, ನೀರಿನ ಟ್ಯಾಂಕ್, ಹಿಟ್ಟಿನ ಗಿರಣಿ ಎಂದು ಉತ್ತರ ಬರುತ್ತದೆ. ಎರಡನೇ ವರ್ಷ ನಾವು ಗುರುತು ಎಂದೇ ಬರೆಯೋಣ ಎಂದುಕೊಂಡೆವು. ಆದರೆ ಗುರುತು ಬರೆದ ಚೀಟಿ ‘ಗುರುತಿನ ಚೀಟಿ’ ಆಗಿಬಿಡುತ್ತದೆ, ಮತದಾನದ ದಿನ ಜೇಬಿನಲ್ಲಿ ಇಟ್ಟುಕೊಂಡು ಹೋಗುವಂಥದ್ದು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಗುರುತು ಹೇಳುವವರು ಜಾಗವನ್ನು ನೇರವಾಗಿ ತೋರಿಸುತ್ತಾರೆ. ಒಗಟು ಹಾಕುವವರು ಅದನ್ನು ಅರ್ಧ ಮುಚ್ಚಿ ತೋರಿಸುತ್ತಾರೆ. ಆ ಅರ್ಧ ಮುಚ್ಚಿದ ಭಾವ ಕುರುಹಿನಲ್ಲಿ ಇದೆ ಎಂದು ನನಗೆ ಅನ್ನಿಸುತ್ತದೆ.

ನೆಲವನ್ನು ಕುರುಹಿನಿಂದ ಹೇಳುವುದು ನಮಗೆ ಹೊಸದೇನೂ ಅಲ್ಲ. ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವ ಶಾಸನಗಳನ್ನು ಓದಿ. ಮೂಡಲಿಗೆ ಒಂದು ಮರ, ತೆಂಕಲಿಗೆ ಹಳ್ಳ, ಪಡುವಲಿಗೆ ಹುತ್ತ, ಬಡಗಲಿಗೆ ಕೆರೆಯ ಕೋಡಿ ಎನ್ನುವ ಧಾಟಿಯಲ್ಲೇ ಅವು ಸಾಗುತ್ತವೆ. ಜೊತೆಗೆ ಗಡಿಯಲ್ಲಿ ಕಲ್ಲು ನೆಡುತ್ತಿದ್ದರು. ಕಲ್ಲಿನ ಮೇಲೆ ಲಿಂಗ ಇದ್ದರೆ ಶಿವನ ಗುಡಿಗೆ ಬಿಟ್ಟ ಭೂಮಿ. ಕೊಡೆ ಹಿಡಿದ ವಾಮನ ಇದ್ದರೆ ವಿಷ್ಣುವಿನ ಗುಡಿಗೋ ಬ್ರಾಹ್ಮಣರಿಗೋ ಬಿಟ್ಟದ್ದು. ಮುಕ್ಕೊಡೆ, ಅಂದರೆ ಒಂದರ ಮೇಲೊಂದು ಮೂರು ಕೊಡೆ ಇದ್ದರೆ ಜೈನ ಬಸದಿಯದು. ಓದಲು ಬಾರದವರಿಗೂ ಇದು ತಿಳಿಯುತ್ತಿತ್ತು. ಹೊಲದ ಬದುವಿನಲ್ಲಿ ಇಂಥ ಕಲ್ಲು ಕಂಡಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದೇ ಚಿತ್ರದಲ್ಲಿ ‘ಇಲ್ಲಿ ಏನಿದೆ, ಯಾರದ್ದು’ ಎರಡನ್ನೂ ಹೇಳಿಬಿಟ್ಟಿದ್ದಾರೆ.

ಕವಿರಾಜಮಾರ್ಗದ ಆ ಪ್ರಸಿದ್ಧ ಪದ್ಯವನ್ನೂ ಇವತ್ತಿನ ಓದುಗ ಒಗಟಿನ ಹಾಗೆಯೇ ಬಿಡಿಸಬೇಕು. ಒಂಬತ್ತನೆಯ ಶತಮಾನದ ಆ ಕೃತಿ ಕನ್ನಡದ ತಿರುಳು ಎಲ್ಲಿದೆ ಎನ್ನುವುದಕ್ಕೆ ನಾಲ್ಕು ಊರುಗಳನ್ನು ಹೇಳುತ್ತದೆ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಇವುಗಳ ನಡುವಿನ ನಾಡೇ ತಿರುಳು. ಹೋದ ವರ್ಷ ದೊಡ್ಡ ಮಕ್ಕಳಿಗೆ ಇವತ್ತಿನ ನಕ್ಷೆ ಕೊಟ್ಟು ಈ ನಾಲ್ಕನ್ನು ಹುಡುಕಲು ಹೇಳಿದೆವು. ಕೊಪಣವನ್ನು ಕೂಡಲೇ ಹಿಡಿದರು, ಕೊಪ್ಪಳ. ಒಂಕುಂದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಅದು ಬೆಳಗಾವಿ ಜಿಲ್ಲೆಯ ಒಕ್ಕುಂದ. ಪುಲಿಗೆರೆಯಲ್ಲಿ ಹುಲಿ ಇದೆ, ಕೆರೆ ಇದೆ ಎಂದು ಕಂಡುಕೊಂಡರು. ಆದರೆ ನಕ್ಷೆಯಲ್ಲಿ ಆ ಹೆಸರೇ ಇಲ್ಲ. ಅದು ಈಗಿನ ಲಕ್ಷ್ಮೇಶ್ವರ, ಗದಗ ಜಿಲ್ಲೆ. ಕಿಸುವೊಳಲ್ ಎಲ್ಲಕ್ಕಿಂತ ಚೆಂದ. ಕಿಸು ಎಂದರೆ ಕೆಂಪು, ಪೊಳಲ್ ಎಂದರೆ ಊರು. ಕೆಂಪು ಊರು! ಪಟ್ಟದಕಲ್ಲಿನ ಮರಳುಗಲ್ಲನ್ನು ಸಂಜೆ ಬಿಸಿಲಲ್ಲಿ ನೋಡಿದವರಿಗೆ ಬೇರೆ ಕುರುಹು ಬೇಕಿಲ್ಲ. ಅಲ್ಲಿಗೆ ಹೋಗಿ ಬಂದಿದ್ದ ಒಬ್ಬ ಹುಡುಗಿ ಇದನ್ನು ಬಿಡಿಸಿದಳು. ಆಕೆಯ ಮುಖ ನೀವು ನೋಡಬೇಕಿತ್ತು.

ಒಗಟು ಕಟ್ಟುವಾಗ ಕಲಿತದ್ದನ್ನೂ ಒಂದೆರಡು ಮಾತಿನಲ್ಲಿ ಹೇಳುತ್ತೇನೆ, ಪದದ ಚರ್ಚೆಗೆ ಅದೂ ಬೇಕು. ದೊಡ್ಡ ಗಡಿಯಾರಕ್ಕೆ ಮೊದಲು ನಾವು ‘ಮುಖ ಇದೆ, ಕೈ ಇದೆ, ಕಾಲಿಲ್ಲ’ ಎಂದು ಬರೆದಿದ್ದೆವು. ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಕನ್ನಡದಲ್ಲಿ ಗಡಿಯಾರಕ್ಕೆ ಕೈ ಇರುವುದಿಲ್ಲ, ಮುಳ್ಳು ಇರುತ್ತದೆ. ಮುಂದಿನ ವರ್ಷ ಹೀಗೆ ಬದಲಾಯಿಸಿದೆವು: ‘ಎರಡು ಮುಳ್ಳು, ಯಾರಿಗೂ ಚುಚ್ಚಿಲ್ಲ. ಲೆಕ್ಕ ಹನ್ನೆರಡರ ತನಕ, ಅದೂ ಕನ್ನಡದಲ್ಲೇ.’ ಆ ಗಡಿಯಾರದ ಅಂಕಿಗಳು ಕನ್ನಡದವು. ಓದಿದ ಕೂಡಲೇ ಮಕ್ಕಳು ಓಡಿದರು. ಮುಂದಿನ ಚೀಟಿ ಅಲ್ಲೇ ಇತ್ತು: ‘ಹೆಸರಿನಲ್ಲಿ ಚಿಕ್ಕವನು, ವಯಸ್ಸಿನಲ್ಲಿ ದೊಡ್ಡವನು.’ ದೊಡ್ಡ ಗಡಿಯಾರ ಕಟ್ಟಿದ್ದು 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ. ದೇವರಾಜ ಮಾರುಕಟ್ಟೆಯ ಮುಂದಿನ ಚಿಕ್ಕ ಗಡಿಯಾರ 1886ರದು.

ಚಾಮುಂಡಿ ಬೆಟ್ಟದ ನಂದಿಗೆ ‘ಸಾವಿರಕ್ಕೆ ಹೊರಟವರು ಏಳುನೂರಕ್ಕೆ ಕೂರುತ್ತಾರೆ. ಅಲ್ಲಿ ಮೊದಲೇ ಕೂತವನು ಏಳು ಎಂದರೂ ಏಳುವುದಿಲ್ಲ’ ಎಂದು ಬರೆದೆವು. ಸಾವಿರ ಮೆಟ್ಟಿಲಿನ ದಾರಿಯಲ್ಲಿ ಸುಮಾರು ಏಳುನೂರನೆಯ ಮೆಟ್ಟಿಲ ಹತ್ತಿರ, ದೊಡ್ಡ ದೇವರಾಜ ಒಡೆಯರ ಕಾಲದ ಆ ಒಂದೇ ಕಲ್ಲಿನ ಬಸವ ಕೂತಿದ್ದಾನೆ. ಏಳು ಎಂದರೆ ಸಂಖ್ಯೆಯೂ ಹೌದು, ಎದ್ದೇಳು ಎನ್ನುವುದೂ ಹೌದು. ಇಂಥ ಆಟ ಬೇರೆ ಭಾಷೆಯಿಂದ ತಂದರೆ ಬರುವುದಿಲ್ಲ.

ದಿಕ್ಕಿನ ಪದಗಳು ಮಾತ್ರ ತುಂಬಾ ಬೇಸರ ತಂದವು. ‘ಸೂರ್ಯ ಮೂಡುವ ಕಡೆಯ ಬಿದಿರು, ಸಾವಿರ ಕಂಬದ ಬಸದಿ’ ಎಂದು ಒಂದು ಚೀಟಿ ಇತ್ತು. ಬಸದಿಯಿಂದ ಮೂಡಬಿದಿರೆ ಎಂದು ಊಹಿಸಿದರೇ ಹೊರತು, ಮೂಡು ಎಂದರೆ ಪೂರ್ವ ಎಂದು ಹೆಚ್ಚಿನ ಮಕ್ಕಳಿಗೆ ಗೊತ್ತಿರಲಿಲ್ಲ. ಸೂರ್ಯ ಮೂಡುವುದು ಮೂಡಲು, ಪಡುವುದು ಪಡುವಲು. ಪಡುಬಿದ್ರಿ ಆ ಕಡೆಯ ಬಿದಿರು. ತೆಂಕು ಎಂದರೆ ದಕ್ಷಿಣ, ಬಡಗು ಎಂದರೆ ಉತ್ತರ. ಉಡುಪಿಯ ಹತ್ತಿರ ತೆಂಕನಿಡಿಯೂರು ಇದೆ, ಬಡಾನಿಡಿಯೂರು ಇದೆ. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಇವೆ. ಈ ನಾಲ್ಕು ಪದ ಗೊತ್ತಿದ್ದರೆ ನೂರಾರು ಊರುಗಳ ಹೆಸರು ತಾನೇ ಬಾಯಿ ಬಿಡುತ್ತದೆ. ಶಾಲೆಯಲ್ಲಿ ಪೂರ್ವ, ಪಶ್ಚಿಮ ಕಲಿಸಲಿ, ಬೇಡ ಅನ್ನುವುದಿಲ್ಲ. ಆದರೆ ಇವನ್ನೂ ಕಲಿಸಬೇಕು.

ಇನ್ನು ಆಟದ ಹೆಸರು. ಹಲವರು ‘ನಿಧಿ ಬೇಟೆ’, ‘ನಿಧಿ ಶೋಧ’ ಎನ್ನುತ್ತಾರೆ. ನನಗೆ ಅದು ಬೇಡವೇ ಬೇಡ. ನಮ್ಮಲ್ಲಿ ನಿಧಿ ಎಂದಕೂಡಲೇ ನಿಧಿಗಳ್ಳರು ನೆನಪಾಗುತ್ತಾರೆ. ಪಾಳು ಗುಡಿಯ ಗರ್ಭಗುಡಿ ಅಗೆದು, ವೀರಗಲ್ಲು ಕಿತ್ತು ಹಾಕಿದ ಸುದ್ದಿ ಎಷ್ಟು ಓದಿಲ್ಲ! ಮಕ್ಕಳನ್ನು ಹಳೆಯ ಕಟ್ಟಡದ ಹತ್ತಿರ ಕರೆದೊಯ್ದು ‘ನಿಧಿ ಹುಡುಕಿ’ ಎನ್ನಲು ಮನಸ್ಸು ಒಪ್ಪುವುದಿಲ್ಲ. ‘ಬೆಡಗು’ ಎಂಬ ಪದವನ್ನೂ ನೋಡಿದೆ. ಅಲ್ಲಮನ ಬೆಡಗಿನ ವಚನ ಎಂದರೆ ಅರ್ಥ ಒಳಗೆ ಬಚ್ಚಿಟ್ಟುಕೊಂಡ ವಚನ. ಆದರೆ ಈಗ ಬೆಡಗು ಎಂದರೆ ಸೊಗಸು, ಒಯ್ಯಾರ. ಕನಕದಾಸರ ಮುಂಡಿಗೆ ಎಂದರೆ ಒಗಟಿನಂಥ ಹಾಡು; ಅದರ ತೂಕ ಜಾಸ್ತಿ, ಮಕ್ಕಳಾಟಕ್ಕೆ ಹೊರೆ. ಸದ್ಯಕ್ಕೆ ನಾನು ‘ಊರೊಗಟು’ ಎನ್ನುತ್ತಿದ್ದೇನೆ. ಊರು ಮತ್ತು ಒಗಟು ಸೇರಿದ್ದು. ಬಾಯಿಗೆ ಸುಲಭ.

ಆ ಹೆಸರಿಗೆ ನನ್ನ ಬಾಲ್ಯದ ನೆನಪೂ ಕಾರಣ. ನಮ್ಮ ಮನೆಯಲ್ಲಿ ಕರೆಂಟು ಹೋದ ರಾತ್ರಿ ಒಗಟು ಹಾಕುತ್ತಿದ್ದರು. ಉತ್ತರ ಬಾರದವರು ಒಂದು ಊರು ಕೊಟ್ಟು ಸೋಲು ಒಪ್ಪಬೇಕಿತ್ತು. “ಬರಲ್ವಾ? ಹಾಗಾದ್ರೆ ಊರು ಕೊಡು.” ನಾವು ನಂಜನಗೂಡು ಕೊಡುತ್ತಿದ್ದೆವು, ಟಿ. ನರಸೀಪುರ ಕೊಡುತ್ತಿದ್ದೆವು. ಅಜ್ಜಿ ಅದನ್ನು ತೆಗೆದುಕೊಂಡು, ಅಲ್ಲಿನ ಹೊಳೆ, ಗುಡಿ, ಬಾಳೆತೋಟ ಎಲ್ಲ ಈಗ ತನ್ನದು ಎಂದು ಹೇಳಿ, ಆಮೇಲೆ ಉತ್ತರ ಹೇಳುತ್ತಿದ್ದರು. ಮೈಸೂರನ್ನು ಮಾತ್ರ ಯಾರೂ ಕೊಡುತ್ತಿರಲಿಲ್ಲ.

ಈಗ ನನ್ನ ಪ್ರಶ್ನೆಗಳು. ನಿಮ್ಮ ಕಡೆ ಮಾತಿನಲ್ಲಿ ‘ಕುರುಹು’ ಇನ್ನೂ ಇದೆಯೇ? ಇದ್ದರೆ ಯಾವ ಸಂದರ್ಭದಲ್ಲಿ, ಯಾವ ವಾಕ್ಯದಲ್ಲಿ? ‘ಕುರುಹು ಕೊಡು’, ‘ಕುರುಹು ಹೇಳು’, ‘ಕುರುಹು ಹಿಡಿ’ ಇವುಗಳಲ್ಲಿ ಯಾವುದು ನಿಮ್ಮ ಕಿವಿಗೆ ಸಹಜ? ನಿಂತ ವಸ್ತುವಿಗೆ ‘ಸುಳಿವು’ ಬಳಸಿದ ಹಳೆಯ ಉದಾಹರಣೆ ಯಾರಿಗಾದರೂ ಕಂಡಿದ್ದರೆ ದಯವಿಟ್ಟು ತಿಳಿಸಿ. ಇದ್ದರೆ ನನ್ನ ಮಾತು ತಿದ್ದಿಕೊಳ್ಳುತ್ತೇನೆ. ಉತ್ತರ ಕರ್ನಾಟಕದವರಿಗೆ ಇನ್ನೊಂದು ಪ್ರಶ್ನೆ. ಒಡಪು ಹಚ್ಚಿ, ಅಂದರೆ ಪ್ರಾಸದ ಮಾತು ಕಟ್ಟಿ, ಗಂಡನ ಹೆಸರು ಹೇಳುವ ಪದ್ಧತಿ ನಿಮ್ಮಲ್ಲಿ ಇದೆ. ಅದೇ ರೀತಿ ಊರಿನ ಹೆಸರನ್ನು ಒಡಪಿನಲ್ಲಿ ಮುಚ್ಚಿ ಹೇಳುವುದೂ ಇದೆಯೇ? ಮತ್ತೆ, ಒಗಟಿನಲ್ಲಿ ಸೋತರೆ ನಿಮ್ಮ ಮನೆಯಲ್ಲಿ ಏನು ಕೊಡುತ್ತಿದ್ದಿರಿ?

ಮುಂದಿನ ನವೆಂಬರಿನ ಚೀಟಿಗಳನ್ನು ಬರೆಯಲು ಕೂತಿದ್ದೇನೆ. ಮೊದಲನೆಯದು ಹೀಗಿದೆ, ಬಿಡಿಸಿ ನೋಡಿ: ‘ಕೇಳಿದರೆ ಅರ್ಧ ಮನೆ, ನೋಡಿದರೆ ಊರಿಗೇ ದೊಡ್ಡ ಮನೆ.’ ಅದರ ಮೇಲೆ ‘ಕುರುಹು 1’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.