ಅಪ್ಪ-ಅಮ್ಮ ಇಬ್ಬರಿಗೂ ಶುಗರ್: ನಮ್ಮ ಕೈಲಿ ಎಷ್ಟಿದೆ?

ತುಂಗಾತೀರ: ಇಬ್ಬರಿಗೂ ಇದ್ದರೆ ಮಕ್ಕಳಿಗೆ ಬಂದೇ ಬರುತ್ತೆ ಅಂತಾರೆ. ಹಾಗಾದ್ರೆ ಅನ್ನ ಕಮ್ಮಿ ಮಾಡಿ, ವಾಕಿಂಗ್ ಹೋಗಿ ಏನು ಪ್ರಯೋಜನ? ವಯಸ್ಸು 34, ತೆಳ್ಳಗಿನ ಮೈ, ಖಾಲಿಹೊಟ್ಟೆ ಶುಗರ್ 104.

ಲ್ಯಾಬ್‌ಕೋಟು: 100ರಿಂದ 125 ಅಂದ್ರೆ ಗಡಿ. ಅದೊಂದನ್ನೇ ನಂಬಬೇಡಿ, ಎಷ್ಟೋ ಜನಕ್ಕೆ ಮೊದಲು ಏರೋದು ಉಂಡಮೇಲಿನದು. 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆ ಬಿಟ್ಟು ರಕ್ತ ಕೊಡಿ: 140ರೊಳಗೆ ಸರಿ, 199ರವರೆಗೆ ಗಡಿ, 200 ಮುಟ್ಟಿದ್ರೆ ಡಯಾಬಿಟಿಸ್. ಹಿಂದಿನ 3 ದಿನ ಅನ್ನ-ಮುದ್ದೆ ಬಿಡಬೇಡಿ. ಬಿಟ್ಟರೆ ಸುಳ್ಳು ಏರಿಕೆ ಕಾಣುತ್ತೆ. ತೆಳ್ಳಗಿದ್ದೀನಿ ಅನ್ನೋದನ್ನ ತಕ್ಕಡಿಯಲ್ಲಲ್ಲ, ಟೇಪಲ್ಲಿ ನೋಡಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಹೊಟ್ಟೆಯೊಳಗೆ ಕೊಬ್ಬು ಕೂತಿದೆ ಅಂತಲೇ ಎಣಿಸಿ.

ಮೈಸೂರ್‌ಪಾಕ್: ಹಣೆಬರಹ ಅಂದ್ರೆ ಬರೀ ಜೀನ್ ಅಲ್ಲ, ಗರ್ಭವೂ ಹೌದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ (ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ) 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಸುತ್ತಳತೆ ಬರೆದಿಟ್ಟಿದ್ದರು. ಆ ಕೂಸುಗಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಗಿಡ್ಡಗೆ ದುಂಡಗೆ ಹುಟ್ಟಿದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಡಯಾಬಿಟಿಸ್ ಜಾಸ್ತಿ ಕಂಡಿತು. ಇದನ್ನ ಯಾವ ಕೂಸು ಆರಿಸಿಕೊಂಡಿತ್ತು?

ಲ್ಯಾಬ್‌ಕೋಟು: ಒಪ್ಪಿದೆ. ಆದರೂ ಕೈಕಟ್ಟಿ ಕೂರೋಕೆ ಅದು ಕಾರಣ ಅಲ್ಲ. 2002ರ ಅಮೆರಿಕದ ಪ್ರಯೋಗದಲ್ಲಿ ಗಡಿಯಲ್ಲಿದ್ದವರಿಗೆ ತೂಕ ಶೇ. 7 ಇಳಿಸಿ, ವಾರಕ್ಕೆ 150 ನಿಮಿಷ ಓಡಾಡಿ ಅಂದಿದ್ದರು. 3 ವರ್ಷದಲ್ಲಿ ಸುಮ್ಮನಿದ್ದ ಗುಂಪಿನ 100ರಲ್ಲಿ ಸುಮಾರು 29 ಜನಕ್ಕೆ ಬಂತು, ಇವರಲ್ಲಿ 14ಕ್ಕೆ.

ಅಂಕಿಅಂಶ: ಆ ಲೆಕ್ಕ ಹಾಗೇ ಇಲ್ಲಿಗೆ ತರಬೇಡಿ. 2006ರಲ್ಲಿ ಪ್ರಕಟವಾದ ಚೆನ್ನೈ ಪ್ರಯೋಗದಲ್ಲಿ ಅದೇ 3 ವರ್ಷಕ್ಕೆ ಸುಮ್ಮನಿದ್ದವರಲ್ಲಿ 55, ಪಥ್ಯ-ನಡಿಗೆಯವರಲ್ಲಿ 39. ಪಥ್ಯ ಮಾಡಿದ ಗುಂಪಿನಲ್ಲೇ ಅಮೆರಿಕದಲ್ಲಿ ಸುಮ್ಮನಿದ್ದವರಿಗಿಂತ ಹೆಚ್ಚು ಜನಕ್ಕೆ ಬಂತು! ಇಬ್ಬರ ಆರಂಭದ ಗೆರೆ ಬೇರೆ ಬೇರೆ. ಆದರೆ ಒಂದು ಸಂಗತಿ ಗಮನಿಸಿ: ಚೆನ್ನೈಯವರ ತೂಕ ಇಳಿದಿರಲಿಲ್ಲ, ಆದರೂ ಲಾಭ ಸಿಕ್ಕಿತು. ತಕ್ಕಡಿ ಮುಳ್ಳು ಅಲ್ಲಾಡಲಿಲ್ಲ ಅಂತ ತಿಂಗಳಿಗೇ ಬಿಟ್ಟುಬಿಡೋರು ಇಲ್ಲೇ ಎಡವೋದು. ಮತ್ತೆ 39 ಜನಕ್ಕೆ ಬಂದೇ ಬಂತಲ್ಲ, ಅವರೆಲ್ಲ ಸೋಮಾರಿಗಳು ಅನ್ನಬೇಡಿ.

ಲ್ಯಾಬ್‌ಕೋಟು: ಸರಿ ಸಾರ್. ತುಂಗಾತೀರ ಅವರೇ, ದಿನಾ 30 ನಿಮಿಷ ಬಿರುಸಾಗಿ ನಡೀರಿ, ಮಾತಾಡಬಹುದು ಆದರೆ ಹಾಡೋಕಾಗಬಾರದು, ಅಷ್ಟು ಬಿರುಸು. ರಾಗಿ ಅಂತ ಎರಡು ಮುದ್ದೆ ನುಂಗಬೇಡಿ, ಅದೂ ಪಿಷ್ಟವೇ. ಒಂದು ಸಾಕು, ಜೊತೆಗೆ ಸೊಪ್ಪಿನ ಸಾರು, ಕಾಳುಪಲ್ಯ. ವರ್ಷಕ್ಕೊಮ್ಮೆ ಟೆಸ್ಟ್ ತಪ್ಪಿಸಬೇಡಿ.